ಅತ್ತೆಯ ಫೋಟೋ, ಐದು ಫಾರ್ಮ್ಯಾಟ್

ಕೊಟ್ಟೂರಿನ ಗೊಬ್ಬರದ ಅಂಗಡಿ ಶಿವಯೋಗಪ್ಪನವರಿಗೆ ಬಾಳಿನಲ್ಲಿ ಒಂದೇ ಒಂದು ಕೊರಗು. ಸುತ್ತಲ ಹತ್ತು ಹಳ್ಳಿಯ ರೈತರು ಅವರನ್ನು ಕೇಳದೆ ಹೊಲಕ್ಕೆ ಒಂದು ಹಿಡಿ ಯೂರಿಯಾ ಚೆಲ್ಲುತ್ತಿರಲಿಲ್ಲ. ಆದರೆ ಹೆಂಡತಿಯ ತವರಾದ ಹಂಪಸಾಗರದಲ್ಲಿ ಮಾತ್ರ ಅವರ ಮಾತಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಕಾರಣ ತೀರ ಹಳೆಯದು. ಮದುವೆಯಾದ ಹೊಸತರಲ್ಲಿ, ಮಾವನ ಮನೆಯ ರೇಡಿಯೋ ಸ್ವಲ್ಪ ಗೊರಗೊರ ಅನ್ನುತ್ತದೆ ಎಂದು ಹೊಸ ಅಳಿಯ ಅದನ್ನು ಬಿಚ್ಚಿದ್ದರು. ಮತ್ತೆ ಜೋಡಿಸಿದಾಗ ನಾಲ್ಕು ಸ್ಕ್ರೂ, ಒಂದು ಸ್ಪ್ರಿಂಗು ಚಾಪೆಯ ಮೇಲೆ ಉಳಿದವು. ಗೊರಗೊರ ನಿಂತಿದ್ದೇನೋ ಹೌದು. ಅದರ ಜೊತೆಗೆ ಹಾಡು, ವಾರ್ತೆ, ಹವಾಮಾನ ಎಲ್ಲವೂ ನಿಂತವು. ಮೂವತ್ತು ವರ್ಷವಾದರೂ ಆ ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ “ಅಳಿಯಾರಿಗೆ ಹೇಳಬ್ಯಾಡ್ರಿ” ಎಂಬುದೇ ಮೊದಲ ಮಾತಾಗಿತ್ತು.

ಇಂಥವರು ಎರಡು ಸಾವಿರದ ನಾಲ್ಕರ ದಸರೆಯಲ್ಲಿ ಹೊಸಪೇಟೆಗೆ ಹೋಗಿ ಕಂಪ್ಯೂಟರ್ ತಂದರು. ಅದರ ಜೊತೆ ಹಬ್ಬದ ಕೊಡುಗೆಯಾಗಿ ಒಂದು ಚಪ್ಪಟೆ ಡಬ್ಬಿಯೂ ಬಂತು. ಇದೇನೆಂದು ಕೇಳಿದ್ದಕ್ಕೆ ಅಂಗಡಿಯವನು, “ಸ್ಕ್ಯಾನರ್ ರೀ. ಫೋಟೋ ಇದರೊಳಗ ಬೋರಲು ಹಾಕಿದ್ರ ಅದ ಫೋಟೋ ಕಂಪ್ಯೂಟರಿನಾಗ ಬರತೈತಿ” ಎಂದ. ಫೋಟೋ ಕೈಯಲ್ಲೇ ಇರುವಾಗ ಅದು ಕಂಪ್ಯೂಟರಿನಲ್ಲಿ ಯಾಕೆ ಬರಬೇಕು ಎಂಬುದು ಶಿವಯೋಗಪ್ಪನವರಿಗೆ ತಿಳಿಯಲಿಲ್ಲ. (ತಿಳಿಯದ್ದನ್ನು ಕೇಳುವ ಅಭ್ಯಾಸ ಅವರಿಗೆ ಇದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಆ ರೇಡಿಯೋ ಇವತ್ತಿಗೂ ಹಾಡುತ್ತಿತ್ತು.)

ಮರುದಿನವೇ ಆಯುಧಪೂಜೆ. ಶಿವಯೋಗಪ್ಪನವರು ಮಿಂದು, ಮಡಿಯುಟ್ಟು, ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಹೊರಟರೆಂದರೆ ಮನೆಯಲ್ಲಿ ಮೂರು ಬೆರಳಿನ ಗುರುತು ಬೀಳದ ವಸ್ತು ಉಳಿಯುತ್ತಿರಲಿಲ್ಲ. ಅಂಗಡಿಯ ತಕ್ಕಡಿ, ಚೀಲ ಹೊಲಿಯುವ ದಬ್ಬಣ, ಮಿಕ್ಸಿ, ಗ್ಯಾಸ್ ಸಿಲಿಂಡರ್, ಸ್ಕೂಟರಿನ ದೀಪ, ಎಲ್ಲಕ್ಕೂ ಮೂರು ಪಟ್ಟೆ, ನಡುವೆ ಕುಂಕುಮ. ಕಂಪ್ಯೂಟರಿನ ಪರದೆಗೂ ಎಳೆದರು. ಸ್ಕ್ಯಾನರಿನ ಹತ್ತಿರ ಬಂದಾಗ ಮಾತ್ರ ಕೈ ತಡೆಯಿತು. ಇದರ ಹಣೆ ಯಾವುದು? ಮುಚ್ಚಳ ನೋಡಿದರೆ ಬೆನ್ನಿನ ಹಾಗಿತ್ತು. ಬೆನ್ನಿಗೆ ವಿಭೂತಿ ಹಚ್ಚುವುದುಂಟೆ? ಮುಚ್ಚಳ ಎತ್ತಿದರು. ಒಳಗೆ ಥಳಥಳ ಹೊಳೆಯುವ ಗಾಜು ಕಂಡಿತು. “ಇಲ್ಲೈತಿ ನೋಡು ಮಖ!” ಎಂದು ಆ ಗಾಜಿನ ನಟ್ಟನಡುವೆ ಭಕ್ತಿಯಿಂದ ಮೂರು ಬೆರಳು ಎಳೆದು, ಕುಂಕುಮವಿಟ್ಟು, ಕೈಮುಗಿದು ಮುಚ್ಚಳ ಮುಚ್ಚಿದರು. ಅಂಗಡಿಯ ತಿಜೋರಿಗೆ ಮಾಡುವಂತೆ ಇದಕ್ಕೂ ಪ್ರತಿ ಸೋಮವಾರ ಹೊಸದಾಗಿ ಹಚ್ಚುವ ಪದ್ಧತಿ ಅಂದಿನಿಂದಲೇ ಶುರುವಾಯಿತು.

ಕಾರ್ತೀಕದಲ್ಲಿ ಒಂದು ಬುಧವಾರ ಹರಪನಹಳ್ಳಿಯಿಂದ ಫೋನು ಬಂತು. ಮಾಡಿದವನು ಗವಿಸಿದ್ದೇಶ್, ಹೆಂಡತಿ ದಾಕ್ಷಾಯಣಮ್ಮನ ತಮ್ಮ. ಅಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟು, ಹೊಸ ಮನೆ ಕಟ್ಟಿಸಿ, ಮುಂದಿನ ಶುಕ್ರವಾರಕ್ಕೆ ಗೃಹಪ್ರವೇಶ ಇಟ್ಟುಕೊಂಡಿದ್ದ.

“ಅಕ್ಕಾ, ಹೊಸಾ ಮನಿ ಹಾಲಿನ್ಯಾಗ ಅವ್ವಂದು ದೊಡ್ಡ ಫೋಟೋ ಹಾಕಬೇಕಂತ ಮಾಡೀನಿ. ರೇಡಿಯೋ ಪಕ್ಕ ಕುಂತು ನಗತಾಳಲ್ಲ, ಅದು. ಇರೋದು ಅದೊಂದ. ಸ್ಟುಡಿಯೋಕ್ಕ ಕೊಟ್ಟು...”

ಸ್ಟುಡಿಯೋ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶಿವಯೋಗಪ್ಪನವರು ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡರು.

“ಸ್ಟುಡಿಯೋ ಯಾಕಪಾ? ನಮ್ಮ ಮನ್ಯಾಗ ಸ್ಕ್ಯಾನರ್ ಐತಿ! ನಾ ಮಾಡಿ ಕಳಸ್ತೀನಿ. ನೀ ಬರೇ ಮೊಳಿ ಹೊಡದು ಇಟ್ಟಿರು.”

ಆ ಕಡೆ ಗವಿಸಿದ್ದೇಶನಿಗೆ ರೇಡಿಯೋ ನೆನಪಾಗಿರಬೇಕು. “ಹ್ಞೂಂ ಭಾವ, ನೋಡ್ರಿ ಮತ್ತ” ಎಂಬ ನಿಟ್ಟುಸಿರು ಕೇಳಿಸಿತು. ಶಿವಯೋಗಪ್ಪನವರ ಎದೆ ಉಬ್ಬಿತು. ಮೂವತ್ತು ವರ್ಷದ ಕಳಂಕ ತೊಳೆಯಲು ಒಂದು ಅವಕಾಶ ಸಿಕ್ಕಿತ್ತು. ಈ ಫೋಟೋ ಆ ಹಾಲಿನ ಗೋಡೆ ಏರಿದರೆ, ಹಂಪಸಾಗರದವರೆಲ್ಲ ಕತ್ತೆತ್ತಿ ನೋಡಿ “ಇದು ಅಳಿಯಾರು ಮಾಡಿದ್ದು” ಅನ್ನಲೇಬೇಕು.

ಮರುದಿನ ಅತ್ತೆ ಗುರುಬಸಮ್ಮ ಬಸ್ಸಿನಲ್ಲಿ ಬಂದಿಳಿದರು. ಎಪ್ಪತ್ತೆಂಟರ ವಯಸ್ಸು, ರೊಟ್ಟಿ ಕಡಿಯಲು ಸ್ವಂತ ಹಲ್ಲು, ಕಣ್ಣು ಇನ್ನೂ ಚುರುಕು. ಫೋಟೋವನ್ನು ರೇಷ್ಮೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು.

“ಅಳಿಯಪ್ಪಾರ, ಏನು ಮಾಡೋದಿದ್ರೂ ನನ್ನ ಕಣ್ಣಮುಂದ ಮಾಡ್ರಿ” ಎಂದು ಕಂಪ್ಯೂಟರಿನ ಮುಂದೆ ಮಣೆ ಹಾಕಿಕೊಂಡು ಕೂತರು. “ಆ ರೇಡಿಯೋ ಹಾಡ್ತಿದ್ದ ಕಾಲದ ಫೋಟೋ ಇದು.”

ಶಿವಯೋಗಪ್ಪನವರು ಆ ಚುಚ್ಚುಮಾತನ್ನು ನುಂಗಿಕೊಂಡು ಮುಚ್ಚಳ ಎತ್ತಿದರು. ಸ್ಕ್ಯಾನರಿನ ಮೂಲೆಯಲ್ಲಿ ಫೋಟೋ ಇಡಬೇಕಾದ ಜಾಗಕ್ಕೆ ಬಾಣದ ಗುರುತೇನೋ ಇತ್ತು. ಆದರೆ ಹಿರಿಯರನ್ನು ಮೂಲೆಯಲ್ಲಿ ಕೂರಿಸುವ ಸಂಸ್ಕಾರ ಅವರದಲ್ಲ. ಅತ್ತೆಯವರನ್ನು ಗಾಜಿನ ನಟ್ಟನಡುವೆ, ವಿಭೂತಿಯ ಮೇಲೇ ಬೋರಲು ಮಲಗಿಸಿದರು. ಕಪ್ಪುಬಿಳುಪು ಫೋಟೋ, ಅದಕ್ಕೆ ಕಪ್ಪುಬಿಳುಪನ್ನೇ ಒತ್ತಿದರು. ಒಳಗೆ ಒಂದು ಬೆಳಕು ಕೊಂಯ್ ಎಂದು ತೆವಳಿ ಹೋಯಿತು. ಕಂಪ್ಯೂಟರು, ಇದನ್ನು ಯಾವ ರೂಪದಲ್ಲಿ ಇಡಲಿ ಎಂದು ಕೇಳಿ ಐದು ಹೆಸರು ಚಾಚಿತು: ಜೆಪಿಜಿ, ಬಿಎಂಪಿ, ಟಿಫ್, ಜಿಫ್, ಪಿಎನ್‌ಜಿ. ಎಲ್ಲಕ್ಕಿಂತ ಮೊದಲು ಇದ್ದದ್ದಕ್ಕೆ ಜೆಪಿಜಿ ಒತ್ತಿದರು.

ಪರದೆಯ ಮೇಲೆ ನಲವತ್ತೇಳು ವಯಸ್ಸಿನ ಗುರುಬಸಮ್ಮ ನಗುತ್ತ ಮೂಡಿದರು. ಆದರೆ ಅವರ ಹಣೆಯ ಮೇಲೆ, ರೇಡಿಯೋದ ತಲೆಯ ಮೇಲೆ, ಈ ತುದಿಯಿಂದ ಆ ತುದಿಗೆ ಮೂರು ಬಿಳಿ ಪಟ್ಟೆ. ನಡುವೆ ಒಂದು ಕಪ್ಪು ಚುಕ್ಕೆ.

“ಇದೇನ್ರಿ ಪಟ್ಟಿ?” ಎಂದರು ದಾಕ್ಷಾಯಣಮ್ಮ, ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು.

“ಪರದಿಗೆ ಈಬತ್ತಿ ಹಚ್ಚೀರಲ್ಲ, ಅದ ಕಾಣತೈತಿ ತಗೀರಿ” ಎಂದರು ಗುರುಬಸಮ್ಮ.

ಮುದುಕಿಯ ಬಾಣ ಗುರಿಯಿಂದ ಒಂದೇ ಗೇಣು ತಪ್ಪಿತ್ತು. ಶಿವಯೋಗಪ್ಪನವರು ಪರದೆಯನ್ನು ಪಂಚೆಯ ಚುಂಗಿನಿಂದ ಒರೆಸಿದರು. ಪರದೆಯ ವಿಭೂತಿ ಹೋಯಿತು. ಫೋಟೋದ ಪಟ್ಟೆ ಹೋಗಲಿಲ್ಲ. ಒಳಗಿನ ಫೋಟೋ ತೆಗೆದು ನೋಡಿದರು. ಅದರ ಮುಖಕ್ಕೆ ತುಸು ಬಿಳಿ ಪುಡಿ ಅಂಟಿತ್ತು. ಹಳೆಯ ಫೋಟೋ, ಧೂಳು ಇದ್ದೇ ಇರುತ್ತದೆ ಎಂದು ಮೆತ್ತಗೆ ಒರೆಸಿದರು. ಒರೆಸಿದ ಫೋಟೋ ಸ್ವಚ್ಛವಾಗಿತ್ತು. ಅದರಲ್ಲಿ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಹಾಗಾದರೆ ದೋಷ ಕಂಪ್ಯೂಟರಿನದೇ ಎಂದು ಅವರಿಗೆ ಖಾತ್ರಿಯಾಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುವ ಅರುಣಕುಮಾರ್ ಸರ್ ಹತ್ತಿರ ಓಡಿದರು. ಪಟ್ಟೆಯ ಸುದ್ದಿ ಎತ್ತಲಿಲ್ಲ. ಎತ್ತಿದರೆ ಮರ್ಯಾದೆ ಪ್ರಶ್ನೆ. ಫಾರ್ಮ್ಯಾಟುಗಳಲ್ಲಿ ಯಾವುದು ಚಲೋ ಎಂದಷ್ಟೇ ಕೇಳಿದರು.

“ಜೆಪಿಜಿ ಅಂದ್ರ ಫೋಟೋನ ಹಿಚುಕಿ ಸಣ್ಣದು ಮಾಡತೈತ್ರಿ” ಎಂದರು ಸರ್. “ಹಿಚುಕುವಾಗ ಒಂದಿಷ್ಟು ಕೆಡತೈತಿ. ತಿರುತಿರುಗಿ ಸೇವ್ ಮಾಡಿದ್ರ ಇನ್ನಷ್ಟು. ಬಿಎಂಪಿ ಹಿಚುಕಂಗಿಲ್ಲ, ಇದ್ದದ್ದನ್ನ ಇದ್ದಂಗ ಇಡತೈತಿ. ಆದ್ರ ಭಾಳ ದೊಡ್ಡದಾಗತೈತಿ.”

ಶಿವಯೋಗಪ್ಪನವರಿಗೆ ಥಟ್ಟನೆ ಎಲ್ಲ ಅರ್ಥವಾಯಿತು. (ಅವರಿಗೆ ಥಟ್ಟನೆ ಅರ್ಥವಾದಾಗಲೆಲ್ಲ ಮನೆಯವರು ಹುಷಾರಾಗಬೇಕು.) ಇಸ್ತ್ರಿ ಅಂಗಿಯನ್ನು ಚೀಲಕ್ಕೆ ತುರುಕಿದರೆ ನೆರಿಗೆ ಬೀಳುವುದಿಲ್ಲವೇ? ಹಾಗೆಯೇ ಅತ್ತೆಯವರನ್ನು ಜೆಪಿಜಿಗೆ ತುರುಕಿದ್ದರಿಂದ ಮೂರು ನೆರಿಗೆ ಬಿದ್ದಿವೆ.

ಶುಕ್ರವಾರ ಬಿಎಂಪಿ ಮಾಡಿದರು. ಅದೇ ಮೂರು ಪಟ್ಟೆ ಇನ್ನೂ ದಪ್ಪಗೆ ಕಂಡವು. ಸಾಲದ್ದಕ್ಕೆ ಫೈಲು ಎಷ್ಟು ಉಬ್ಬಿತೆಂದರೆ ಫ್ಲಾಪಿಗೆ ಹಾಕಲು ಹೋದಾಗ ಜಾಗ ಸಾಲದು ಎಂದು ಕಂಪ್ಯೂಟರು ಕೈ ಎತ್ತಿಬಿಟ್ಟಿತು.

“ಅತ್ತಿಯವರ, ನೀವು ಫ್ಲಾಪಿಯಾಗ ಹಿಡಿಯವಲ್ರಿ” ಎಂದರು ಶಿವಯೋಗಪ್ಪನವರು ಬೆವರೊರೆಸಿಕೊಳ್ಳುತ್ತ.

“ನಾ ಡಬ್ಬಿಯಾಗ ಹಿಡದು ಬಂದೀನಲ್ಲ!” ಎಂದು ಗುರುಬಸಮ್ಮ ಊಟದ ಡಬ್ಬಿ ಎತ್ತಿ ತೋರಿಸಿದರು.

ಶನಿವಾರ ಟಿಫ್. ಅಚ್ಚು ಹಾಕಿಸಲು ಇದೇ ಶ್ರೇಷ್ಠ, ಇದು ಏನನ್ನೂ ಮುಚ್ಚಿಡುವುದಿಲ್ಲ ಎಂದು ಸರ್ ಹೇಳಿದ್ದರು. ಅದು ಮುಚ್ಚಿಡಲೂ ಇಲ್ಲ. ಪಟ್ಟೆಗಳ ಅಂಚಿನ ಸಣ್ಣ ಸಣ್ಣ ಕಣವೂ ಎದ್ದು ಕಂಡಿತು. ಭಾನುವಾರ ಜಿಫ್. ಅದರಲ್ಲಿ ಬಣ್ಣ ಕಡಿಮೆಯಂತೆ, ಹಾಗಾದರೆ ಬಿಳಿ ಬಣ್ಣವೇ ಕಡಿಮೆಯಾಗಲಿ ಎಂಬುದು ಶಿವಯೋಗಪ್ಪನವರ ಲೆಕ್ಕ. ಅತ್ತೆಯವರ ಕೆನ್ನೆ ಸುಣ್ಣ ಉದುರಿದ ಗೋಡೆಯಂತಾಯಿತು, ಪಟ್ಟೆ ಕದಲಲಿಲ್ಲ. ಪಿಎನ್‌ಜಿ ಬಗ್ಗೆ ಯಾರೂ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಹೇಳಿರಲಿಲ್ಲ. ಅದರಲ್ಲೂ ಮೂರೇ ಪಟ್ಟೆ, ಒಂದೇ ಚುಕ್ಕೆ. ಒಂದು ನೋಟ್‌ಬುಕ್ಕಿನಲ್ಲಿ ಐದು ಹೆಸರು ಬರೆದು, ಎಲ್ಲದರ ಮುಂದೆಯೂ ‘ಪಟ್ಟಿ ಐತಿ’ ಎಂದು ಬರೆದುಕೊಂಡರು. ನಾಲ್ಕು ದಿನದಲ್ಲಿ ಅವರ ತಲೆ ಎಷ್ಟು ಕಲಸಿಹೋಯಿತೆಂದರೆ, ಅಂಗಡಿಗೆ ಬಂದ ನೀಲಗುಂದದ ರೈತ ಡಿಎಪಿ ಗೊಬ್ಬರ ಕೇಳಿದರೆ “ಅದ್ರಾಗೂ ಪಟ್ಟಿ ಬರತಾವ ತಮ್ಮಾ” ಎಂದುಬಿಟ್ಟರು.

“ರೀ, ಸುಮ್ನ ಸ್ಟುಡಿಯೋಕ್ಕ ಕೊಡ್ರಿ” ಎಂದರು ದಾಕ್ಷಾಯಣಮ್ಮ.

“ಏ, ನಿನಗ ಫಾರ್ಮ್ಯಾಟ್ ಅಂದ್ರ ಏನು ಗೊತ್ತೈತಿ?”

“ನನಗ ಗೊತ್ತಿಲ್ಲ. ನಿಮಗ ಗೊತ್ತಾಗಿ ಏನಾತು? ಸರೀರಿ ಅತ್ತಾಗ, ಆ ಡಬ್ಬಿ ಒಂದ್ಸಲ ಒರಸ್ತೀನಿ.”

“ಮುಟ್ಟಬ್ಯಾಡ! ಮಡಿಯಾಗ ಪೂಜಿ ಮಾಡಿದ ಮಷಿನ್ ಅದು!”

ಬಂತು ಕಾರ್ತೀಕ ಸೋಮವಾರ. ಯಂತ್ರಕ್ಕೆ ಏನೋ ಮುನಿಸಿರಬೇಕು ಎಂದುಕೊಂಡು ಶಿವಯೋಗಪ್ಪನವರು ಬೆಳಿಗ್ಗೆಯೇ ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ಗಾಜಿಗೆ ಹಿಂದೆಂದೂ ಹಚ್ಚದಷ್ಟು ದಪ್ಪಗೆ ಹಚ್ಚಿದರು. ಅದು ಒಣಗಿದ ಮೇಲೆ ಅತ್ತೆಯವರನ್ನು ಮತ್ತೆ ಮಲಗಿಸಿ ಐದೂ ಫಾರ್ಮ್ಯಾಟಿನಲ್ಲಿ ತೆಗೆದರು. ಪಟ್ಟೆಗಳು ಈಗ ಹಾಲಿನಲ್ಲಿ ಬರೆದಂತೆ ಬೆಳ್ಳಗಿದ್ದವು. ಇನ್ನು ದಿನಗಳೂ ಉಳಿದಿರಲಿಲ್ಲ. ಹಾಳಾಗಲಿ, ಅಲ್ಲಿಯವರೇ ಯಾವುದಾದರೂ ಆರಿಸಿಕೊಳ್ಳಲಿ ಎಂದು ಕಂಪ್ಯೂಟರನ್ನೇ ಸ್ಕೂಟರಿನಲ್ಲಿ ಅರುಣಕುಮಾರ್ ಸರ್ ಹತ್ತಿರ ಒಯ್ದು, ಅವರ ಕಂಪ್ಯೂಟರಿಗೆ ಹಾಕಿಸಿ, ಐದನ್ನೂ ಒಂದೇ ಸಿಡಿಗೆ ತುಂಬಿಸಿ, ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರು. ಜೊತೆಗೆ ಒಂದು ಚೀಟಿ: ‘ನನ್ನಿಂದಾದ ಪ್ರಯತ್ನವನ್ನೆಲ್ಲ ಮಾಡಿದ್ದೇನೆ. ಫಲ ಸಿಗಲಿಲ್ಲ. ಮುಂದಿನದು ನಿಮಗೆ ಬಿಟ್ಟಿದ್ದು.’

ಕಂಪ್ಯೂಟರ್ ಸಮೇತ ಮನೆಗೆ ಬಂದು ಮಧ್ಯಾಹ್ನವಾದರೂ ಮನಸ್ಸು ತಡೆಯಲಿಲ್ಲ. ಪಟ್ಟೆ ಬೀಳದ ಆರನೆಯ ಫಾರ್ಮ್ಯಾಟ್ ಜಗತ್ತಿನಲ್ಲಿ ಎಲ್ಲಾದರೂ ಇರಬಹುದು ಎಂದು ಫೋನಿನ ತಂತಿ ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿ ಇಂಟರ್ನೆಟ್ ಹಚ್ಚಿದರು. ಇಂಟರ್ನೆಟ್ ಹಚ್ಚಿದಷ್ಟು ಹೊತ್ತೂ ಮನೆಯ ಫೋನು ಎಂಗೇಜ್. ಮೂರು ತಾಸು ಕಾದರೂ ಒಂದು ಪುಟ ಅರ್ಧವಷ್ಟೇ ಬಿಚ್ಚಿಕೊಂಡಿತು, ಅದೂ ಇಂಗ್ಲಿಷಿನಲ್ಲಿ. ಕೈಸೋತು, ಕೊನೆಯ ಅಸ್ತ್ರವೆಂಬಂತೆ ಮತ್ತೆ ವಿಭೂತಿ ಬಟ್ಟಲು ಹಿಡಿದು ಸ್ಕ್ಯಾನರಿನ ಮುಚ್ಚಳ ಎತ್ತಿದರು. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಗಾಜಿನ ಮೇಲೆ ಎಳೆದರು.

ಆಗಲೇ ಹೊರಗೆ ಒಂದು ಟ್ರ್ಯಾಕ್ಸ್ ಜೀಪು ಕರ್ರೆಂದು ಬ್ರೇಕು ಹಾಕಿತು. ಅದರೊಳಗಿಂದ ಹತ್ತು ಹನ್ನೆರಡು ಗಂಟಲಿನ ಅಳು ಒಮ್ಮೆಗೇ ಕೇಳಿಬಂತು.

ಮೊದಲು ಇಳಿದವನು ಗವಿಸಿದ್ದೇಶ್. ಕೈಯಲ್ಲಿ ಹಡಗಲಿ ಮಲ್ಲಿಗೆಯ ಆಳೆತ್ತರದ ಹಾರ, ಕೊರಳಲ್ಲಿ ಕ್ಯಾಮೆರಾ, ಕಣ್ಣಲ್ಲಿ ಧಾರಾಕಾರ. ಹಿಂದೆ ಅವನ ಹೆಂಡತಿ ಸುಮಲತಾ, ಅವಳ ಹಿಂದೆ ಬಂಧುಬಳಗ. “ಯವ್ವಾ... ಹೆಂಗ ಬಿಟ್ಟು ಹೋದಿಬೇ...” ಎಂದು ಅವನು ಅಂಗಳಕ್ಕೆ ಬರುವಾಗ, ಗುರುಬಸಮ್ಮ ಕಟ್ಟೆಯ ಮೇಲೆ ಕೂತು ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಕಡಿಯುತ್ತಿದ್ದರು. ಇಷ್ಟೊಂದು ಜನ ಅಳುವುದನ್ನು ಕಂಡು ತಟ್ಟೆ ಬದಿಗಿಟ್ಟು ತಾವೂ ಬಾಯಿಗೆ ಸೆರಗು ಹಚ್ಚಿದರು.

“ಯಪ್ಪಾ ಶಿವನ! ಯಾರು ಹೋದ್ರೋ?”

ಗವಿಸಿದ್ದೇಶನ ಅಳು ಅರ್ಧಕ್ಕೇ ನಿಂತಿತು. “ನೀನಬೇ!”

“ನಾನಾ?” ಗುರುಬಸಮ್ಮ ತಮ್ಮ ಕೈಯಲ್ಲಿದ್ದ ಅರ್ಧ ಮಿರ್ಚಿ ನೋಡಿಕೊಂಡರು. “ನಾ ಎಲ್ಲಿ ಹೋಗೀನಿ? ಇಲ್ಲೇ ಅದೀನಲ್ಲೋ!”

ಆಮೇಲೆ ಅಂಗಳದಲ್ಲಿ ನಡೆದದ್ದನ್ನು ಹೇಳಲು ಬಾರದು. ಅಳುತ್ತಿದ್ದವರು ನಕ್ಕರು, ನಗುತ್ತಿದ್ದವರು ಮತ್ತೆ ಅತ್ತರು, ಸುಮಲತಾ ಎರಡನ್ನೂ ಒಟ್ಟಿಗೆ ಮಾಡಿದಳು. ಗವಿಸಿದ್ದೇಶ್ ತಾಯಿಯ ಕೈ ಬಿಗಿಯಾಗಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದು ಕೂತ. ಐವತ್ತರ ಹತ್ತಿರದ ಗಂಡಸು, ಮಗುವಿನ ಹಾಗೆ ಅವರ ಸೆರಗಿನಲ್ಲಿ ಕಣ್ಣೊರೆಸಿಕೊಂಡ. ಗದ್ದಲ ಕೇಳಿ ಹೊರಗೆ ಬಂದ ಶಿವಯೋಗಪ್ಪನವರಿಗೂ ಅದನ್ನು ಕಂಡು ಕನಿಕರವಾಯಿತು. ಆದರೆ ಇದರಲ್ಲಿ ತಮ್ಮ ಪಾಲೇನು ಎಂಬುದು ಮಾತ್ರ ಇನ್ನೂ ಹೊಳೆದಿರಲಿಲ್ಲ.

“ಸಿಡಿ ತಗೊಂಡು ಸ್ಟುಡಿಯೋಕ್ಕ ಹೋದ್ನಿ” ಎಂದ ಗವಿಸಿದ್ದೇಶ್, ಉಸಿರು ಸುಧಾರಿಸಿಕೊಂಡು. “ಅವ ಫೋಟೋ ನೋಡಿದವನ, ‘ಅಮ್ಮಾರು ತೀರ್ಕಂಡಿದ್ದು ಯಾವಾಗ ಸಾರ್’ ಅಂದ. ಏನಪಾ ಹಂಗಂತೀಯ ಅಂದೆ. ‘ಫೋಟೋಕ್ಕೆ ವಿಭೂತಿ ಕುಂಕುಮ ಇಟ್ಟು ಪೂಜೆ ಮಾಡಿರದು ಕಾಣ್ತೈತಲ್ಲ ಸಾರ್, ದಿನಾ ಇಂಥವೇ ಬರ್ತಾವ ನಮ್ಮಲ್ಲಿ’ ಅಂದ. ಐದು ಫೋಟೋ ತಗದ. ಐದರಾಗೂ ಅದ! ಮ್ಯಾಲೆ ಭಾವಾರ ಚೀಟಿ ಬ್ಯಾರೆ. ಫೋನ್ ಹಚ್ಚಿದ್ರ ಎರಡು ತಾಸು ಎಂಗೇಜ್. ಎಲ್ಲಾರಿಗೂ ಸುದ್ದಿ ಮುಟ್ಟಸಕತ್ತಾರ ಅಂತ ತಿಳಕೊಂಡೆ.”

ಅವನು ಸ್ಟುಡಿಯೋದಲ್ಲಿ ತೆಗೆಸಿದ್ದ ಪ್ರತಿಯನ್ನು ದಾಕ್ಷಾಯಣಮ್ಮನ ಕೈಗೆ ಕೊಟ್ಟ. ಆಕೆ ಅದನ್ನು ಒಂದು ಸಲ ನೋಡಿದರು. ಗಂಡನ ಮುಖವನ್ನು ಒಂದು ಸಲ ನೋಡಿದರು. ಸೀದಾ ಒಳಗೆ ನಡೆದರು. ಹಿಂದೆ ಇಡೀ ಜೀಪು ನಡೆಯಿತು. ಸ್ಕ್ಯಾನರ್ ಬಾಯಿ ತೆರೆದುಕೊಂಡೇ ಇತ್ತು. ಗಾಜಿನ ಮೇಲೆ ಮೂರು ಪಟ್ಟೆ ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿದ್ದವು.

“ಇದೇನ್ರಿ?”

“ಅದು... ಈಬತ್ತಿ.”

“ಅದು ಕಾಣತೈತಿ. ಹಚ್ಚಿದವರು ಯಾರು?”

ಶಿವಯೋಗಪ್ಪನವರು ಗಂಟಲು ಸರಿಮಾಡಿಕೊಂಡರು. “ಈ ಜೆಪಿಜಿ ಐತಲ್ಲ, ಅದು ಹಿಚುಕುವಾಗ...”

“ಜೆಪಿಜಿ ಬಂದು ಹಚ್ಚಿತೇನು?”

ಹನ್ನೆರಡು ಜೊತೆ ಕಣ್ಣು ಅವರ ಬಲಗೈ ಮೇಲೆ ಇಳಿದವು. ಮೂರು ಬೆರಳು ಬುಡದವರೆಗೂ ಬೆಳ್ಳಗಿದ್ದವು. ಕೈಯನ್ನು ಹಿಂದಕ್ಕೆ ಮುಚ್ಚಿಕೊಳ್ಳಲು ಹೋಗಿ ತಮ್ಮ ನೀಲಿ ಅಂಗಿಯ ಬೆನ್ನಿಗೂ ಮೂರು ಪಟ್ಟೆ ಎಳೆದುಕೊಂಡರು. ಹಾಸಿಗೆ ಹಿಡಿದವರೂ ಎದ್ದು ಕೂತು ನಗುವಂಥ ನಗೆ ಆ ಕೋಣೆಯಲ್ಲಿ ಎದ್ದಿತು.

“ಸ್ಕೂಟರ್ ಲೈಟಿಗೆ ಹಚ್ಚಿ, ರಸ್ತಿ ಕಾಣವಲ್ದು ಬಲ್ಬು ಹೋಗೇತಿ ಅಂತ ಎರಡು ಬಲ್ಬು ಬದಲಿ ಮಾಡಿಸ್ಯಾರ. ಅವತ್ತ ನನಗ ತಿಳಿಬೇಕಿತ್ತು” ಎನ್ನುತ್ತ ದಾಕ್ಷಾಯಣಮ್ಮ ಸೆರಗಿನ ತುದಿ ಒದ್ದೆ ಮಾಡಿ ಗಾಜನ್ನು ಒರೆಸಿದರು. ಒಂದು ಸಲ ಒದ್ದೆ, ಒಂದು ಸಲ ಒಣ. ಅಷ್ಟೇ. ಫೋಟೋ ಇಟ್ಟು ಗುಂಡಿ ಒತ್ತಿದರು. ಫಾರ್ಮ್ಯಾಟ್ ಕೇಳಿದಾಗ ಕಣ್ಣುಮುಚ್ಚಿ ಯಾವುದೋ ಒಂದನ್ನು ಒತ್ತಿದರು. ಗುರುಬಸಮ್ಮ ಪರದೆಯ ಮೇಲೆ ಸ್ವಚ್ಛವಾಗಿ, ಹೊಳೆಹೊಳೆಯುತ್ತ ನಕ್ಕರು. ಪಕ್ಕದಲ್ಲಿ ರೇಡಿಯೋ ತನ್ನ ನಾಲ್ಕೂ ಸ್ಕ್ರೂಗಳ ಸಮೇತ ಕೂತಿತ್ತು.

ಎಲ್ಲರೂ ಪರದೆಯತ್ತ ಬಾಗಿದರು. ಗುರುಬಸಮ್ಮ ಮಾತ್ರ ಮಗನ ಕಡೆ ತಿರುಗಿದರು.

“ಲೇ ಗವಿಸಿದ್ದ, ಆ ಹಾರ ಯಾಕ ಬಾಡಸ್ತೀ? ಜೀವಮಾನದಾಗ ಅವ್ವಗ ಒಂದ ಮೊಳ ಮಲ್ಲಿಗಿ ತಂದವನಲ್ಲ. ತಂದೀ, ಹಾಕು. ನನಗ ವಾಸನಿ ತಿಳಿಯೋ ಹೊತ್ತಿನ್ಯಾಗ ಹಾಕು.”

ಹಾರ ಕೊರಳಿಗೆ ಬಿತ್ತು. ಕೊನೆಯ ದರ್ಶನಕ್ಕೆಂದು ತಂದಿದ್ದ ಕ್ಯಾಮೆರಾವನ್ನು ಗವಿಸಿದ್ದೇಶ್ ಕೊರಳಿಂದ ತೆಗೆದ. ಹೊರಗೆ ಕಟ್ಟೆಯ ಮೇಲೆ ಗುರುಬಸಮ್ಮ ನಡುವೆ, ಸುತ್ತ ಎಲ್ಲರೂ. ಶಿವಯೋಗಪ್ಪನವರು ನಾಚಿಕೆಯಿಂದ ತೀರ ಬಲತುದಿಯಲ್ಲಿ ನಿಂತರು. ಕ್ಲಿಕ್ ಅನ್ನುವ ಹೊತ್ತಿಗೆ ಮುದುಕಿ ಅವರ ಕಡೆ ಒಮ್ಮೆ ತಿರುಗಿ ನೋಡಿ, ಮಂಡಕ್ಕಿ ನೆತ್ತಿಗೇರುವಂತೆ ನಕ್ಕರು.

“ಇದು ಯಾವ ಫಾರ್ಮ್ಯಾಟ್ ಗವಿಸಿದ್ದೇಶ?” ಎಂದರು ಶಿವಯೋಗಪ್ಪನವರು, ಹೇಗಾದರೂ ಮಾತಿಗೆ ಸೇರಿಕೊಳ್ಳಲು.

“ರೀಲು ಭಾವ. ಮೂವತ್ತಾರು ಫೋಟೋದ ರೀಲು.”

ಶುಕ್ರವಾರ ಗೃಹಪ್ರವೇಶದ ಮನೆಯ ಹಾಲಿನಲ್ಲಿ ತೂಗಿದ್ದು ಅದೇ ಫೋಟೋ. ಸ್ಕ್ಯಾನ್ ಮಾಡಿದ್ದು ಬೇಡವೇ ಎಂದು ಕೇಳಿದ್ದಕ್ಕೆ ಗುರುಬಸಮ್ಮ, “ಅದ್ರಾಗ ನನ್ನ ನಗಸಿದ್ದು ರೇಡಿಯೋ, ಇದ್ರಾಗ ನಗಸಿದ್ದು ಅಳಿಯಪ್ಪ. ರೇಡಿಯೋಕ್ಕಿಂತ ಇವರ ಚಲೋ ನಗಸ್ತಾರ” ಎಂದರಂತೆ. ಮೂವತ್ತು ವರ್ಷದಲ್ಲಿ ಆ ಮನೆಯಿಂದ ಸಿಕ್ಕ ಮೊದಲ ಹೊಗಳಿಕೆ. ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳುವುದೋ ಬೇಡವೋ ಎಂದು ಶಿವಯೋಗಪ್ಪನವರು ಹೋಳಿಗೆ ತಿನ್ನುತ್ತ ಯೋಚಿಸುತ್ತಿದ್ದರು. ಹಾಗೆಯೇ ಕತ್ತೆತ್ತಿ ಫೋಟೋದಲ್ಲಿ ತಮ್ಮನ್ನು ಹುಡುಕಿದರು. ಕ್ಯಾಮೆರಾ ಹಿಡಿದಿದ್ದ ಗವಿಸಿದ್ದೇಶನನ್ನು ಬಿಟ್ಟರೆ ಎಲ್ಲರೂ ಇದ್ದರು, ಜೀಪಿನ ಡ್ರೈವರೂ ಇದ್ದ. ಅವರು ನಿಂತ ತುದಿಯನ್ನು ಮಾತ್ರ ಚೌಕಟ್ಟು ಕತ್ತರಿಸಿಬಿಟ್ಟಿತ್ತು. ಉಳಿದದ್ದು ಒಂದು ಕೈ, ಅದೂ ಮೊಣಕೈವರೆಗೆ.

ಊಟಕ್ಕೆ ಬಂದ ಹೆಣ್ಣುಮಗಳೊಬ್ಬಳು ಫೋಟೋದ ಕೆಳಗೆ ನಿಂತು, “ಈ ತುದಿಗೆ ಇರೋದು ಯಾರ ಕೈ ಅಮ್ಮಾ?” ಎಂದು ಕೇಳಿದಳು.

“ನಮ್ಮ ಅಳಿಯಾರದು ಕಣವ್ವಾ” ಎಂದರು ಗುರುಬಸಮ್ಮ, ಇಡೀ ಪಂಕ್ತಿಗೆ ಕೇಳುವಂತೆ. “ಮೂರು ಬೆರಳು ಬೆಳ್ಳಗದಾವ ನೋಡು, ಅದ ಗುರುತು. ಅಳಿಯಾರ ಉಳಿದ ಮೈ ಯಾವ ಫಾರ್ಮ್ಯಾಟಿನ್ಯಾಗೂ ಹಿಡಿಲಿಲ್ಲಂತ.”